ಕಡಲ ಸ್ಪಂಜುಗಳ ಗುರುತು, ಚಿತ್ರಫಲಕದ ವಿನ್ಯಾಸ ಮತ್ತು ಎಐ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ ಸ್ಪಂಜುಗಳನ್ನು ಗುರುತಿಸಲು ನೆರವಾಗುವ ಚಿತ್ರಫಲಕಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಮೇಜಿನ ಒಂದು ಕಡೆ ಸೂಕ್ಷ್ಮದರ್ಶಕ, ಇನ್ನೊಂದು ಕಡೆ ಚಿತ್ರ ಬರೆಯುವ ಟ್ಯಾಬ್ಲೆಟ್. ಡೈವಿಂಗ್ ಮಾಡುವವರು, ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ವಿನ್ಯಾಸ ಕಲಿಯುತ್ತಿರುವ ಎಳೆಯರು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಈಚೆಗೆ ಅವುಗಳಲ್ಲಿ ಅರ್ಧದಷ್ಟು ಎಐ ಬಗ್ಗೆಯೇ ಇರುತ್ತವೆ. ಆ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಸ್ಪಂಜು ಗಿಡವೋ, ಪ್ರಾಣಿಯೋ?

ಪ್ರಾಣಿ. ಬಾಯಿ, ಹೊಟ್ಟೆ, ನರ ಯಾವುದೂ ಇಲ್ಲದ ಪ್ರಾಣಿ. ಮೈತುಂಬ ಇರುವ ಸಣ್ಣ ರಂಧ್ರಗಳಿಂದ ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಕಣಗಳನ್ನು ಸೋಸಿ ತಿಂದು, ದೊಡ್ಡ ರಂಧ್ರದಿಂದ ನೀರನ್ನು ಹೊರಗೆ ಬಿಡುತ್ತದೆ. ಬಹುಕಾಲ ಇದನ್ನು ಸಸ್ಯವೆಂದೇ ಎಣಿಸಿದವರಿದ್ದರು. 1825ರಲ್ಲಿ ಎಡಿನ್‌ಬರೊದ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜಿನ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ರಂಧ್ರದಿಂದ ನೀರು ಚಿಮ್ಮುವುದನ್ನು ಕಣ್ಣಾರೆ ಕಂಡರು. 'ಪೊರಿಫೆರಾ', ಅಂದರೆ ರಂಧ್ರಗಳನ್ನು ಹೊತ್ತದ್ದು, ಎಂಬ ಹೆಸರು ಬಂದದ್ದೂ ಅವರಿಂದಲೇ.

ಪಾತ್ರೆ ತೊಳೆಯುವ ಸ್ಪಂಜಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಪ್ಲಾಸ್ಟಿಕ್‌ನದು.

ಎಷ್ಟು ಪ್ರಭೇದಗಳಿವೆ? ಹೊಸದು ಇನ್ನೂ ಸಿಗುತ್ತದೆಯೇ?

ಇಲ್ಲಿಯವರೆಗೆ ಹೆಸರು ಪಡೆದು ಮಾನ್ಯವಾಗಿ ಉಳಿದವು 9,000ಕ್ಕೂ ಹೆಚ್ಚು. ಹೆಸರಿಲ್ಲದವು ಇನ್ನೂ ಸಾವಿರಗಟ್ಟಲೆ ಇವೆ ಎಂಬುದರಲ್ಲಿ ತಜ್ಞರಿಗೆ ಅನುಮಾನವಿಲ್ಲ. ಎಲ್ಲ ಹೆಸರುಗಳನ್ನೂ 'ವರ್ಲ್ಡ್ ಪೊರಿಫೆರಾ ಡೇಟಾಬೇಸ್' ಎಂಬ ಜಾಲತಾಣ ಒಂದೆಡೆ ಇಟ್ಟಿದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಭಾರತದ ಸ್ಪಂಜುಗಳ ಅಧ್ಯಯನವೂ ಹಳೆಯದು. ಆರ್ಥರ್ ಡೆಂಡಿ 1887ರಲ್ಲಿಯೇ ಮದ್ರಾಸಿನ ಸ್ಪಂಜುಗಳ ಬಗ್ಗೆ ಬರೆದರು. ಒಂದು ಶತಮಾನ ಕಳೆದ ಮೇಲೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ.ಎ. ಥಾಮಸ್ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯಿಂದ 275 ಪ್ರಭೇದಗಳನ್ನು ದಾಖಲಿಸಿದರು. ಒಬ್ಬರು ಜೀವಮಾನವಿಡೀ ಕೂತು ಮಾಡಿದ ಕೆಲಸವದು. ಅದರ ಪುಟಗಳನ್ನು ತಿರುಗಿಸುವಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಬಣ್ಣ ಮತ್ತು ಆಕಾರ ನೋಡಿ ಗುರುತಿಸಬಾರದೇ?

ಹಕ್ಕಿ, ಚಿಟ್ಟೆಗಳ ಪುಸ್ತಕ ನೋಡಿ ಅಭ್ಯಾಸವಿರುವವರಿಗೆ ಸ್ಪಂಜು ಮೊದಲ ಪಾಠ ಕಲಿಸುವುದು ಇಲ್ಲಿಯೇ. ಒಂದೇ ಪ್ರಭೇದ ಅಲೆ ಬಡಿಯುವ ಬಂಡೆಯ ಮೇಲೆ ತೆಳ್ಳಗೆ ಹಬ್ಬಿಕೊಂಡಿರುತ್ತದೆ, ನೀರು ಶಾಂತವಾಗಿರುವಲ್ಲಿ ಬೆರಳುಗಳಂತೆ ಎದ್ದು ನಿಲ್ಲುತ್ತದೆ. ಬೆಳಕಿಗೆ ತೆರೆದುಕೊಂಡಾಗ ಒಂದು ಬಣ್ಣ, ಕಲ್ಲಿನ ಅಡಿಯಲ್ಲಿ ಬೆಳೆದಾಗ ಇನ್ನೊಂದು. ಯುರೋಪಿನ ತೀರದ 'ಹ್ಯಾಲಿಕಾಂಡ್ರಿಯಾ ಪ್ಯಾನಿಸಿಯಾ' ಎಂಬ ಸ್ಪಂಜು ಹೀಗೆ ರೂಪ ಬದಲಿಸಿ ಬದಲಿಸಿ ಅನೇಕರಿಂದ ಅನೇಕ ಹೆಸರು ಪಡೆಯಿತು. ಆಮೇಲೆ ಅವೆಲ್ಲವನ್ನೂ ಒಂದೇ ಹೆಸರಿನಡಿ ತರಬೇಕಾಯಿತು.

ಇದಕ್ಕೆ ತದ್ವಿರುದ್ಧವೂ ನಡೆಯುತ್ತದೆ. ಅಕ್ಕಪಕ್ಕದ ಎರಡು ಕಿತ್ತಳೆ ಬಣ್ಣದ ಸ್ಪಂಜುಗಳು ಅವಳಿಗಳಂತೆ ಕಾಣುತ್ತವೆ, ಒಳಗೆ ನೋಡಿದರೆ ಬೇರೆ ಬೇರೆ ಗಣಗಳಿಗೆ ಸೇರಿದವು. ಆಲ್ಕೊಹಾಲ್‌ನಲ್ಲಿಟ್ಟ ಮಾದರಿಯಂತೂ ಬಣ್ಣವನ್ನೆಲ್ಲ ಕಳೆದುಕೊಂಡು ಬೂದುಬಣ್ಣದ ಮುದ್ದೆಯಾಗಿರುತ್ತದೆ.

ಹಾಗಾದರೆ ಗುರುತು ಸಿಗುವುದು ಎಲ್ಲಿ?

ಸ್ಪಿಕ್ಯೂಲ್‌ಗಳಲ್ಲಿ. ಬಹುಪಾಲು ಸ್ಪಂಜುಗಳ ಮೈಯೊಳಗೆ ಗಾಜಿನ ಅಥವಾ ಸುಣ್ಣದ ಸೂಕ್ಷ್ಮ ಸೂಜಿಗಳಿರುತ್ತವೆ. ಅವೇ ಅದರ ಎಲುಬು.

ನಾನು ಮೊದಲ ಬಾರಿ ಇದನ್ನು ಮಾಡಿದ ದಿನ ಚೆನ್ನಾಗಿ ನೆನಪಿದೆ. ಅಕ್ಕಿಕಾಳಿನಷ್ಟು ಚೂರನ್ನು ಕತ್ತರಿಸಿ ಗಾಜಿನ ನಳಿಕೆಗೆ ಹಾಕಿ, ಮೇಲೆ ಬ್ಲೀಚ್ ದ್ರಾವಣ ಬಿಟ್ಟೆ. ಸಣ್ಣಗೆ ನೊರೆ ಎದ್ದಿತು. ಚೂರು ಅಂಚಿನಿಂದ ಕರಗುತ್ತ ಹೋಗಿ, ಕೊನೆಗೆ ತಳದಲ್ಲಿ ರಂಗೋಲಿ ಹುಡಿಯಂತಹ ಬಿಳಿ ಗಸಿ ಮಾತ್ರ ಉಳಿಯಿತು. ಅದನ್ನು ನಾಲ್ಕೈದು ಸಲ ನೀರಿನಲ್ಲಿ ತೊಳೆದು, ಆಲ್ಕೊಹಾಲ್‌ನಲ್ಲಿ ಕದಡಿ, ಒಂದು ಹನಿಯನ್ನು ಸ್ಲೈಡ್ ಮೇಲೆ ಒಣಗಿಸಿ ಕಣ್ಣಿಟ್ಟು ನೋಡಿದೆ. ಹುಡಿ ಎಂದುಕೊಂಡಿದ್ದದ್ದು ನೂರಾರು ಗಾಜಿನ ಕುಸುರಿಗಳಾಗಿ ತೆರೆದುಕೊಂಡಿತು. ಎರಡೂ ತುದಿ ಚೂಪಾಗಿರುವುದು 'ಆಕ್ಸಿಯಾ'. ಒಂದು ತುದಿಯಲ್ಲಿ ಗುಂಡು, ಇನ್ನೊಂದು ತುದಿ ಚೂಪು, ಗುಂಡುಪಿನ್ನಿನ ಹಾಗಿರುವುದು 'ಟೈಲೊಸ್ಟೈಲ್'. ಕೊಕ್ಕೆಯಂತೆ ಬಾಗಿದ್ದು 'ಸಿಗ್ಮಾ', ದೋಣಿಯ ಲಂಗರನ್ನು ಹೋಲುವುದು 'ಕೀಲಾ', ನಕ್ಷತ್ರದಂತಿರುವುದು 'ಆಸ್ಟರ್'.

ಯಾವ ಯಾವ ಬಗೆಗಳು ಒಟ್ಟಿಗೆ ಇವೆ, ಅವುಗಳ ಉದ್ದ ಮತ್ತು ದಪ್ಪ ಎಷ್ಟು ಮೈಕ್ರಾನ್, ಹಂದರದಲ್ಲಿ ಅವು ಹೇಗೆ ಜೋಡಣೆಯಾಗಿವೆ ಎಂಬುದೆಲ್ಲ ಸೇರಿ ಸ್ಪಂಜಿನ ಗುರುತು. ಜೋಡಣೆ ನೋಡಲು ಬ್ಲೇಡಿನಿಂದ ತೆಳುವಾದ ಸೀಳು ತೆಗೆಯಬೇಕು, ಕರಗಿಸಿದ ಮಾದರಿಯಲ್ಲಿ ಅದು ತಿಳಿಯುವುದಿಲ್ಲ. ಅಳತೆಗೆ ಒಂದೊಂದು ಬಗೆಯಲ್ಲೂ ಸಾಮಾನ್ಯವಾಗಿ 20ರಿಂದ 30 ಸ್ಪಿಕ್ಯೂಲ್‌ಗಳನ್ನು ತೆಗೆದುಕೊಳ್ಳುತ್ತಾರೆ.

ಸ್ನಾನದ ಸ್ಪಂಜಿನಂಥ ಕೆಲವಕ್ಕೆ ಸ್ಪಿಕ್ಯೂಲ್ ಇರುವುದೇ ಇಲ್ಲ, ನಾರು ಮಾತ್ರ. ಅವುಗಳನ್ನು ಗುರುತಿಸುವುದು ಇನ್ನಷ್ಟು ಕಷ್ಟ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಕಲ್ಲವೇ?

ದೊಡ್ಡ ನೆರವಾಗುತ್ತದೆ, ಆದರೆ ಅದೊಂದೇ ಸಾಲದು. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಬಳಸುವ 'ಸಿಒಐ' ಎಂಬ ವಂಶವಾಹಿ ಸ್ಪಂಜುಗಳಲ್ಲಿ ಬಹಳ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಹತ್ತಿರದ ಎರಡು ಪ್ರಭೇದಗಳಲ್ಲಿ ಅದು ಒಂದೇ ಆಗಿರಬಹುದು. ಕೆಲವು ಸ್ಪಂಜುಗಳ ಮೈಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬ್ಯಾಕ್ಟೀರಿಯಾಗಳೇ ತುಂಬಿರುವುದರಿಂದ, ಸ್ಪಂಜಿನದ್ದೆಂದು ತೆಗೆದ ಡಿಎನ್‌ಎ ಅದರ ಬಾಡಿಗೆದಾರರದ್ದಾಗಿರುವುದೂ ಉಂಟು.

ಇಷ್ಟೆಲ್ಲದರ ನಡುವೆ ಎಐ ಏನು ಮಾಡುತ್ತದೆ?

ರಾಶಿ ವಿಂಗಡಿಸುತ್ತದೆ. ಇದನ್ನು ಸಣ್ಣ ಕೆಲಸವೆಂದು ತಿಳಿಯಬೇಡಿ. ಆಳಸಮುದ್ರಕ್ಕೆ ಇಳಿಸಿದ ರೋಬಾಟ್ ಒಂದು ಯಾನದಲ್ಲಿ ಗಂಟೆಗಟ್ಟಲೆ ವಿಡಿಯೊ ತರುತ್ತದೆ. ಅದರ ಪ್ರತಿ ಚೌಕಟ್ಟನ್ನೂ ಮನುಷ್ಯರು ಕೂತು ನೋಡುವುದಾದರೆ ತಿಂಗಳುಗಳು ಬೇಕು. ಕ್ಯಾಲಿಫೋರ್ನಿಯಾದ ಮಾಂಟೆರಿ ಬೇ ಸಂಶೋಧನಾ ಸಂಸ್ಥೆಯವರು ಕಟ್ಟಿರುವ 'ಫ್ಯಾದಮ್‌ನೆಟ್' ಇಂಥ ಚಿತ್ರಗಳಿಗೆ ತಜ್ಞರು ಕೊಟ್ಟ ಗುರುತುಗಳನ್ನು ಒಟ್ಟುಗೂಡಿಸಿ, ಎಐ ಮಾದರಿಗಳ ತರಬೇತಿಗೆ ಎಲ್ಲರಿಗೂ ತೆರೆದಿಟ್ಟಿದೆ. 'ಕೋರಲ್‌ನೆಟ್' ಎಂಬುದು ಹವಳದಿಬ್ಬದ ಚಿತ್ರಗಳ ಮೇಲೆ ಚುಕ್ಕೆಗಳನ್ನಿಟ್ಟು, ಒಂದೊಂದು ಚುಕ್ಕೆಯ ಕೆಳಗೆ ಇರುವುದು ಹವಳವೇ, ಪಾಚಿಯೇ, ಸ್ಪಂಜೇ ಎಂದು ಸೂಚಿಸುತ್ತದೆ. ಮನುಷ್ಯರು ಅದನ್ನು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು, ಚಿತ್ರ ನೋಡಿ ಕೊಡುವ ಗುರುತು ಬಹುತೇಕ 'ಬಟ್ಟಲಿನಾಕಾರದ ಸ್ಪಂಜು', 'ಹಬ್ಬುವ ಸ್ಪಂಜು' ಎಂಬಲ್ಲಿಗೆ ನಿಲ್ಲುತ್ತದೆ. ತಜ್ಞರೇ ಚಿತ್ರದಿಂದ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಕಲಿಸಿದ್ದಕ್ಕಿಂತ ಹೆಚ್ಚನ್ನು ಯಂತ್ರದಿಂದ ನಿರೀಕ್ಷಿಸುವುದು ಹೇಗೆ?

ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಸ್ಪಿಕ್ಯೂಲ್‌ಗಳ ಅಂಚು ಹಿಡಿದು ಬೇರ್ಪಡಿಸುವುದಕ್ಕೂ ಇಂಥ ಉಪಕರಣಗಳನ್ನು ಬಳಸಬಹುದು. ಒಂದರ ಮೇಲೊಂದು ಬಿದ್ದ ಸೂಜಿಗಳು ಮತ್ತು ಮುರಿದ ತುದಿಗಳು ಅವುಗಳನ್ನು ದಾರಿ ತಪ್ಪಿಸುತ್ತವೆ. ಮುರಿದ ಟೈಲೊಸ್ಟೈಲ್ ಅನ್ನು ಗಿಡ್ಡದೆಂದು ಅಳೆದರೆ ಸರಾಸರಿಯೇ ಕೆಡುತ್ತದೆ. ಆದ್ದರಿಂದ ನಾನು ಎಣಿಕೆಗೆ ಅವನ್ನು ನೆಚ್ಚಿಕೊಂಡರೂ ಒಂದೊಂದು ಅಳತೆಯನ್ನೂ ಕಣ್ಣಿನಿಂದ ನೋಡಿಯೇ ಉಳಿಸಿಕೊಳ್ಳುತ್ತೇನೆ.

ಫೋಟೊ ಕೊಟ್ಟರೆ 'ಇದು ಹೊಸ ಪ್ರಭೇದ' ಎಂದು ಎಐ ಹೇಳಬಲ್ಲದೇ?

ಇಲ್ಲ. ನೂರು ಪ್ರಭೇದಗಳ ಚಿತ್ರ ತೋರಿಸಿ ಕಲಿಸಿದ ಸಾಮಾನ್ಯ ಎಐ ಮಾದರಿ, ನೂರ ಒಂದನೆಯದನ್ನು ಕಂಡಾಗ ಆ ನೂರರಲ್ಲಿ ಯಾವುದಾದರೂ ಒಂದರ ಹೆಸರನ್ನೇ ಹೇಳುತ್ತದೆ. ಹೊಸ ಪ್ರಭೇದವೆಂದರೆ ಯಾರೂ ಈವರೆಗೆ ಹೆಸರಿಟ್ಟು ತೋರಿಸದೇ ಇದ್ದದ್ದು, ಹಾಗಾಗಿ ಅದು ತರಬೇತಿಯ ಚಿತ್ರಗಳಲ್ಲಿ ಇರಲು ಸಾಧ್ಯವೇ ಇಲ್ಲ. 'ಇದು ನನಗೆ ಗೊತ್ತಿರುವ ಯಾವುದಕ್ಕೂ ಹೊಂದುತ್ತಿಲ್ಲ' ಎಂದು ಪಕ್ಕಕ್ಕೆ ತೆಗೆದಿಡುವಂತೆ ಕೆಲವು ಮಾದರಿಗಳನ್ನು ರೂಪಿಸುತ್ತಾರೆ. ಅದು ನಿಜವಾಗಿ ಉಪಯೋಗಕ್ಕೆ ಬರುವ ಗುಣ. ಆದರೂ ಹೊಂದದಿರುವುದಕ್ಕೆ ಮಂಕಾದ ಬೆಳಕು, ಮೇಲೆ ಕೂತ ಕೆಸರು, ಅರ್ಧ ಸತ್ತ ಸ್ಪಂಜು, ಏನು ಬೇಕಾದರೂ ಕಾರಣವಾಗಿರಬಹುದು.

ಅಮೆರಿಕದ 'ಓಕಿಯಾನೊಸ್ ಎಕ್ಸ್‌ಪ್ಲೋರರ್' ಹಡಗಿನ ಯಾನದಲ್ಲಿ 2016ರಲ್ಲಿ ಪೆಸಿಫಿಕ್ ಸಾಗರದಾಳದಿಂದ ತಂದ ಗಾಜಿನ ಸ್ಪಂಜೊಂದಕ್ಕೆ 'ಅಡ್ವೆನಾ ಮ್ಯಾಗ್ನಿಫಿಕಾ' ಎಂಬ ಹೆಸರು ಬಂದದ್ದು 2020ರಲ್ಲಿ. ಎರಡು ದೊಡ್ಡ ಕಣ್ಣುಗಳಿರುವ ಅನ್ಯಗ್ರಹದ ಜೀವಿಯಂತೆ ಕಾಣುವ ಆ ಸ್ಪಂಜನ್ನು ಯಾರೂ ಮರೆಯುವಂತಿರಲಿಲ್ಲ. ಹಾಗಿದ್ದರೂ ಅದು ಹೊಸ ಕುಲವೆಂದು ನಿಶ್ಚಯವಾದದ್ದು ಮಾದರಿಯನ್ನು ಕೈಗೆತ್ತಿಕೊಂಡು ಸ್ಪಿಕ್ಯೂಲ್ ನೋಡಿದ ಮೇಲೆಯೇ.

ಚಿತ್ರಫಲಕವನ್ನೇ ಎಐಯಿಂದ ಬರೆಸಿದರೆ ಏನಾಗುತ್ತದೆ?

ನಾನು ಪ್ರಯತ್ನಿಸಿ ನೋಡಿದ್ದೇನೆ. ಚಿಪ್ಪು ಕೊರೆಯುವ 'ಕ್ಲಿಯೋನಾ' ಕುಲದ ಒಂದು ಫಲಕಕ್ಕೆ ಟೈಲೊಸ್ಟೈಲ್ ಚಿತ್ರ ಬೇಕಿತ್ತು. ಮಾತಿನಲ್ಲಿ ವಿವರಿಸಿ ಕೇಳಿದೆ. ಬಂದ ಚಿತ್ರ ಕಣ್ಣಿಗೆ ಹಬ್ಬ: ಗಾಜಿನ ಹೊಳಪು, ನೆರಳು, ಹಿನ್ನೆಲೆಯ ಕಪ್ಪು ಎಲ್ಲವೂ ಅಚ್ಚುಕಟ್ಟು. ಸ್ವಲ್ಪ ಹೊತ್ತು ನೋಡಿದ ಮೇಲೆ ಎದೆ ಧಸಕ್ಕೆಂದಿತು. ಸೂಜಿಯ ಎರಡೂ ತುದಿಗಳಲ್ಲಿ ಗುಂಡು ಇತ್ತು. ಹಾಗಿರುವ ಸ್ಪಿಕ್ಯೂಲ್ ಪ್ರಕೃತಿಯಲ್ಲಿ ಉಂಟು, ಅದರ ಹೆಸರು 'ಟೈಲೋಟ್'. ಅದು ಸಿಗುವುದು ಪೀಸಿಲೊಸ್ಕ್ಲೆರಿಡಾ ಎಂಬ ಬೇರೆಯೇ ಗಣದ ಸ್ಪಂಜುಗಳಲ್ಲಿ. ಸಾಸಿವೆಗಿಂತ ಚಿಕ್ಕದಾದ ಒಂದು ಗುಂಡು ಹೆಚ್ಚಾದ ಮಾತ್ರಕ್ಕೆ ನನ್ನ ಫಲಕ ಓದುಗರನ್ನು ಬೇರೆ ಗಣಕ್ಕೆ ಕರೆದೊಯ್ಯುತ್ತಿತ್ತು.

ಸಂಶೋಧನಾ ಪತ್ರಿಕೆಗಳೂ ಈ ವಿಷಯದಲ್ಲಿ ಬಿಗಿಯಾಗಿವೆ. 'ನೇಚರ್' ಪತ್ರಿಕೆ ಎಐ ಸೃಷ್ಟಿಸಿದ ಚಿತ್ರಗಳನ್ನು ಪ್ರಕಟಿಸುವುದಿಲ್ಲವೆಂದು 2023ರಲ್ಲಿ ಹೇಳಿತು. 2024ರ ಫೆಬ್ರುವರಿಯಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಎಐ ಬರೆದ ಇಲಿಯ ಅಂಗರಚನೆಯ ಚಿತ್ರ ಅಚ್ಚಾಗಿ, ಅರ್ಥವಿಲ್ಲದ ಅಕ್ಷರಗಳೂ ಇಲ್ಲದ ಅಂಗಗಳೂ ಅದರಲ್ಲಿದ್ದುದರಿಂದ ಆ ಲೇಖನವನ್ನೇ ಹಿಂತೆಗೆದುಕೊಳ್ಳಬೇಕಾಯಿತು.

ಹಳೆಯ ಮಸುಕು ಚಿತ್ರವನ್ನು ಎಐಯಿಂದ 'ಸ್ಪಷ್ಟ' ಮಾಡಿಸುವುದೂ ಇಷ್ಟೇ ಅಪಾಯಕಾರಿ. ಇಲ್ಲದ ವಿವರವನ್ನು ಅದು ಊಹಿಸಿ ತುಂಬುತ್ತದೆ. ಕೀಲಾದ ಹಲ್ಲುಗಳನ್ನು ಎಣಿಸಿ ಪ್ರಭೇದ ನಿರ್ಧರಿಸುವ ಕ್ಷೇತ್ರದಲ್ಲಿ ಊಹೆಯ ಹಲ್ಲಿಗೆ ಜಾಗವಿಲ್ಲ.

ಹಾಗಿದ್ದರೆ ವಿನ್ಯಾಸಕಾರರು ಎಐ ಮುಟ್ಟಲೇಬಾರದೇ?

ಖಂಡಿತ ಮುಟ್ಟಬಹುದು, ನಾನೂ ದಿನಾ ಬಳಸುತ್ತೇನೆ. ಛಾಯಾಚಿತ್ರದ ಹಿನ್ನೆಲೆ ತೆಗೆಯಲು, ಕೈಯಿಂದ ಬರೆದ ಗೆರೆಚಿತ್ರದ ಸ್ಕ್ಯಾನ್ ಮೇಲಿನ ಕಲೆಗಳನ್ನು ಒರೆಸಲು, ನಲವತ್ತು ಫಲಕಗಳ ಶೀರ್ಷಿಕೆಗಳನ್ನು ಒಂದೇ ಅಳತೆಗೆ ತರಲು, ಕೆಂಪು ಹಸಿರು ಗುರುತಿಸಲಾಗದವರಿಗೂ ಓದಲು ಬರುವ ಬಣ್ಣಗಳನ್ನು ಆರಿಸಲು ಇವು ಬಹಳ ಸಮಯ ಉಳಿಸುತ್ತವೆ. ಪುಟವಿನ್ಯಾಸದ ಐದಾರು ಕರಡುಗಳನ್ನು ಬೇಗ ನೋಡಿ ಒಂದನ್ನು ಆರಿಸಿಕೊಳ್ಳುವುದಕ್ಕೂ ಒಳ್ಳೆಯದು.

ನಾನು ಇಟ್ಟುಕೊಂಡಿರುವ ಗಡಿ ಸರಳವಾದದ್ದು. ಪ್ರಾಣಿಯ ಮೈಗೆ ಸೇರಿದ ಒಂದು ಗೆರೆಯನ್ನೂ ಯಂತ್ರ ಹಾಕಬಾರದು. ಅಳತೆಪಟ್ಟಿಯನ್ನು ಮೂಲ ಸೂಕ್ಷ್ಮದರ್ಶಕದ ಚಿತ್ರದಿಂದಲೇ ತೆಗೆದುಕೊಳ್ಳಬೇಕು. ಫಲಕದ ಅಡಿಯಲ್ಲಿ ಯಾವ ಮಾದರಿಯನ್ನು ನೋಡಿ ಬರೆದದ್ದು ಎಂದು ಅದರ ನೋಂದಣಿ ಸಂಖ್ಯೆ ಇರಬೇಕು. ತಿದ್ದದ ಮೂಲಚಿತ್ರವನ್ನು ಬೇರೆ ಕಡೆ ಕಾಪಿಡಬೇಕು. ಮುಂದೊಂದು ದಿನ ಯಾರಾದರೂ ಬಂದು 'ಇದು ನಿಜವಾಗಿ ಹೀಗಿತ್ತೇ?' ಎಂದು ಕೇಳಿದರೆ ತೆಗೆದು ತೋರಿಸುವಂತಿರಬೇಕು.

ವಿನ್ಯಾಸಕಾರರು ಸ್ಪಂಜುಗಳಿಂದ ಕಲಿತದ್ದೇನಾದರೂ ಇದೆಯೇ?

ಇದು ನನಗೆ ಅಚ್ಚುಮೆಚ್ಚಿನ ಪ್ರಶ್ನೆ. 'ವೀನಸ್ಸಿನ ಹೂಬುಟ್ಟಿ' ಎಂದು ಕರೆಯುವ 'ಯೂಪ್ಲೆಕ್ಟೆಲ್ಲಾ ಆಸ್ಪರ್ಜಿಲ್ಲಮ್' ಎಂಬ ಗಾಜಿನ ಸ್ಪಂಜಿಗೆ ರಿಚರ್ಡ್ ಓವೆನ್ 1841ರಲ್ಲಿ ಹೆಸರಿಟ್ಟರು. ಬೆತ್ತದ ಬುಟ್ಟಿ ಹೆಣೆದಂತಿರುವ ಉದ್ದನೆಯ ಗಾಜಿನ ಕೊಳವೆ ಅದು. ಒಳಗೆ ಎಳವೆಯಲ್ಲೇ ಸೇರಿಕೊಂಡ ಸೀಗಡಿಗಳ ಜೋಡಿ ದೊಡ್ಡದಾದ ಮೇಲೆ ಹೊರಬರಲಾಗದೆ ಜೀವನವಿಡೀ ಅಲ್ಲಿಯೇ ಉಳಿಯುತ್ತದೆ. ಜಪಾನಿನಲ್ಲಿ ಇದನ್ನು ಮದುವೆಯ ಉಡುಗೊರೆಯಾಗಿ ಕೊಡುವ ರೂಢಿ ಬಂದದ್ದು ಇದರಿಂದಲೇ.

ಅದರ ಗೋಡೆಯನ್ನು ಹತ್ತಿರದಿಂದ ನೋಡಿದರೆ ಚೌಕಗಳ ಜಾಲ ಕಾಣುತ್ತದೆ. ಆ ಚೌಕಗಳ ಮೇಲೆ ಎರಡೂ ದಿಕ್ಕಿನಲ್ಲಿ ಓರೆಯಾಗಿ ಜೋಡಿ ಜೋಡಿ ಕಂಬಿಗಳು ಹಾದುಹೋಗುತ್ತವೆ. ಒಂದು ಚೌಕ ಬಿಟ್ಟು ಒಂದು ಚೌಕ ತೆರೆದುಕೊಂಡು ಚದುರಂಗದ ಮಣೆಯಂತಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು ಈ ಜೋಡಣೆಯನ್ನು ಅಷ್ಟೇ ತೂಕದ ಬೇರೆ ಜಾಲಗಳೊಂದಿಗೆ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಸೇತುವೆಗಳಲ್ಲಿ ನಾವು ಬಳಸುವ ಸಾಮಾನ್ಯ ಓರೆಕಂಬಿಯ ಜಾಲಕ್ಕಿಂತ ಸ್ಪಂಜಿನ ಜಾಲ ಶೇ 20ಕ್ಕೂ ಹೆಚ್ಚು ಭಾರ ತಡೆದು ಆಮೇಲೆ ಬಾಗಿತು. ಅವರು ಅಲ್ಲಿಗೇ ಬಿಡದೆ, ಅತ್ಯುತ್ತಮ ಜೋಡಣೆ ಯಾವುದೆಂದು ಹುಡುಕುವಂತೆ ಕಂಪ್ಯೂಟರ್ ಕ್ರಮವಿಧಿಯೊಂದನ್ನು ಓಡಿಸಿದರು. ಅದು ಹುಡುಕಿ ಹುಡುಕಿ ತಂದ ವಿನ್ಯಾಸ ಸ್ಪಂಜಿನದಕ್ಕೆ ತೀರ ಹತ್ತಿರವಿತ್ತು. ಮಿದುಳಿಲ್ಲದ ಪ್ರಾಣಿ ಕತ್ತಲೆಯ ಆಳದಲ್ಲಿ ಕಟ್ಟಿಕೊಂಡ ಮನೆಯ ಲೆಕ್ಕ ಅಷ್ಟು ಸರಿಯಾಗಿತ್ತು! ಮರುವರ್ಷ ಇಟಲಿಯ ಸಂಶೋಧಕರು ಸೂಪರ್ ಕಂಪ್ಯೂಟರಿನಲ್ಲಿ ಇದೇ ಸ್ಪಂಜಿನ ಸುತ್ತಲೂ ಒಳಗೂ ನೀರು ಹರಿಯುವ ಬಗೆಯನ್ನು ಕಟ್ಟಿ ನೋಡಿದಾಗ, ಗೋಡೆಯ ರಂಧ್ರಗಳೂ ಏಣುಗಳೂ ಅದರ ಮೇಲೆ ಬೀಳುವ ನೀರಿನ ಒತ್ತಡವನ್ನು ಕಡಿಮೆ ಮಾಡುವುದು ಕಂಡಿತು.

ಹೊಸ ರಚನೆ ಹುಡುಕಲು ಎಐ ಹಿಡಿದು ಕೂತ ವಿನ್ಯಾಸಕಾರರಿಗೆ ನಾನು ಹೇಳುವುದು, ಸಂಗ್ರಹಾಲಯದ ಬೀರುಗಳಲ್ಲಿರುವ ಸ್ಪಂಜುಗಳನ್ನೂ ಒಮ್ಮೆ ನೋಡಿ ಬನ್ನಿ ಎಂದು.

ಹೊಸ ಪ್ರಭೇದವೆಂದು ಘೋಷಿಸುವುದು ಹೇಗೆ?

ಮೊದಲು ಅದೇ ಕುಲದ ಎಲ್ಲ ಹಳೆಯ ವಿವರಣೆಗಳನ್ನೂ ಓದಬೇಕು, ಅವು ಲ್ಯಾಟಿನ್, ಜರ್ಮನ್, ಫ್ರೆಂಚ್ ಯಾವ ಭಾಷೆಯಲ್ಲಿದ್ದರೂ. ಇಂಥ ಹಳೆಯ ಪಠ್ಯವನ್ನು ಹುಡುಕಿ ಅನುವಾದಿಸುವಲ್ಲಿ ಎಐ ನಿಜವಾಗಿ ಕೈಹಿಡಿಯುತ್ತದೆ. ಸಂಖ್ಯೆಗಳನ್ನು ಮಾತ್ರ ಮೂಲದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಹೋಲುವ ಪ್ರಭೇದಗಳ ಮೂಲಮಾದರಿಗಳನ್ನು, ಸಾಧ್ಯವಾದರೆ ಸಂಗ್ರಹಾಲಯದಿಂದ ತರಿಸಿ, ಹೋಲಿಸಬೇಕು. ನಿಮ್ಮ ಮಾದರಿಗಳಲ್ಲಿ ಒಂದನ್ನು 'ಹೋಲೊಟೈಪ್', ಅಂದರೆ ಆ ಹೆಸರಿಗೆ ಆಧಾರವಾಗಿ ನಿಲ್ಲುವ ಮಾದರಿ, ಎಂದು ಗೊತ್ತುಪಡಿಸಿ, ಸಂಗ್ರಹಾಲಯಕ್ಕೆ ಒಪ್ಪಿಸಿ, ವಿವರಣೆಯನ್ನು ಪ್ರಕಟಿಸಬೇಕು. ಭಾರತದಲ್ಲಿ ಸಿಕ್ಕ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಕೊಡಬೇಕೆಂದು 2002ರ ಜೈವಿಕ ವೈವಿಧ್ಯ ಕಾಯ್ದೆ ಹೇಳುತ್ತದೆ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥದ್ದೊಂದು ಭಂಡಾರ.

ಎಲ್ಲ ಜೀವಿಗಳನ್ನೂ ಒಟ್ಟಾಗಿ ಪರಿಗಣಿಸಿ 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮಾದರಿ ಸಂಗ್ರಹವಾದಂದಿನಿಂದ ಹೆಸರು ಬರುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಅದು ಬಾಟಲಿಯಲ್ಲಿ ಕಾಯುತ್ತದೆ, ನೋಡಬಲ್ಲವರು ಕಡಿಮೆಯಾದ್ದರಿಂದ. ಎಐಗೆ ಹಣ ಕೊಡುವವರು ವರ್ಗೀಕರಣ ಕಲಿಯುವ ಒಬ್ಬ ವಿದ್ಯಾರ್ಥಿಗೂ ವೇತನ ಕೊಡಲಿ ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ. ಯಂತ್ರಕ್ಕೆ ಕಲಿಸಲಾದರೂ ಬಲ್ಲವರು ಬೇಕಲ್ಲ.

ಹೆಸರಿಟ್ಟರೆ ಯಾರಿಗೇನು ಲಾಭ?

1949ರಲ್ಲಿ ಒಂದು ಸ್ಪಂಜಿಗೆ 'ಕ್ರಿಪ್ಟೊಟೆಥಿಯಾ ಕ್ರಿಪ್ಟಾ' ಎಂದು ಹೆಸರಿಟ್ಟರು. ಆ ಸ್ಪಂಜಿನಲ್ಲಿ ರಸಾಯನಶಾಸ್ತ್ರಜ್ಞ ವರ್ನರ್ ಬರ್ಗ್‌ಮನ್ ಕಂಡುಕೊಂಡ ವಿಚಿತ್ರ ರಾಸಾಯನಿಕಗಳ ಜಾಡು ಹಿಡಿದು 'ಸೈಟರಬಿನ್' ಎಂಬ ಔಷಧ ಬಂತು. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದನ್ನು ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ.

ನೇತ್ರಾಣಿಯಲ್ಲಿ ಡೈವಿಂಗ್ ಮಾಡುವಾಗ ವಿಚಿತ್ರ ಸ್ಪಂಜು ಕಂಡರೆ ಏನು ಮಾಡಲಿ?

ಮುಟ್ಟಬೇಡಿ, ಕೀಳಬೇಡಿ. ಗಾಜಿನ ಸೂಜಿಗಳು ಚರ್ಮಕ್ಕೆ ಚುಚ್ಚಿಕೊಂಡರೆ ಉರಿ, ತುರಿಕೆ ಬರುತ್ತದೆ. ಮೇಲಾಗಿ ಸುಣ್ಣದ ಸ್ಪಂಜುಗಳೆಲ್ಲವನ್ನೂ 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸೇರಿಸಲಾಗಿದೆ, ಯಾವುದು ಸುಣ್ಣದ್ದು ಎಂದು ನೀರಿನಡಿ ಹೇಳಲಾಗದು.

ಚಿತ್ರ ತೆಗೆಯಿರಿ. ಇಡೀ ಸ್ಪಂಜು ಸುತ್ತಲಿನ ಬಂಡೆಯೊಂದಿಗೆ ಕಾಣುವಂತೆ ಒಂದು, ಮೇಲ್ಮೈ ಮತ್ತು ದೊಡ್ಡ ರಂಧ್ರಗಳು ಕಾಣುವಂತೆ ಹತ್ತಿರದಿಂದ ಒಂದೆರಡು, ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತು ಇಟ್ಟು ಇನ್ನೊಂದು. ಆಳ ಎಷ್ಟು ಮೀಟರ್, ದಿನಾಂಕ, ಬೆಳಕಿನಲ್ಲಿತ್ತೋ ಬಂಡೆಯ ಸಂದಿಯಲ್ಲಿತ್ತೋ ಎಂದು ದೋಣಿಗೆ ಮರಳಿದ ಕೂಡಲೇ ಬರೆದಿಡಿ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ಅದರ ಎಐ ಒಂದು ಹೆಸರು ಸೂಚಿಸಬಹುದು. ಆ ಸೂಚನೆಯನ್ನು ಪ್ರಭೇದದ ಮಟ್ಟಕ್ಕೆ ಒಪ್ಪಿಕೊಳ್ಳದೆ 'ಸ್ಪಂಜು' ಎಂದಷ್ಟೇ ಬಿಡಿ.

ಕಡಲದಂಡೆಯಲ್ಲಿ ಸಿಕ್ಕ ಚಿಪ್ಪಿನ ತುಂಬ ತೂತುಗಳಿವೆ. ಇದೂ ಸ್ಪಂಜಿನ ಕೆಲಸವೇ?

ಒಂದೇ ಒಂದು ದುಂಡನೆಯ ತೂತಿದ್ದರೆ ಅದು ಬೇಟೆಗಾರ ಶಂಖದ ಹುಳು ಕೊರೆದದ್ದಿರಬಹುದು. ಜರಡಿಯಂತೆ ಹತ್ತಾರು ಇದ್ದರೆ, ಚಿಪ್ಪನ್ನು ಮುರಿದಾಗ ಒಳಗೆ ಜೇನುಗೂಡಿನಂಥ ಪೊಳ್ಳು ಕೋಣೆಗಳು ಕಂಡರೆ, ಕ್ಲಿಯೋನಾ ಅಥವಾ ಅದರ ಬಳಗದ ಸ್ಪಂಜು ಅಲ್ಲಿ ಬಾಳಿತ್ತು. ಸುಣ್ಣವನ್ನು ಚೂರು ಚೂರಾಗಿ ಕೊರೆದು ಹೊರಹಾಕುತ್ತ ಅದು ಚಿಪ್ಪಿನೊಳಗೆ ಮನೆ ಮಾಡಿಕೊಳ್ಳುತ್ತದೆ. ಆ ಕೋಣೆಗಳಲ್ಲಿ ಒಣಗಿದ ಹಳದಿ ಪುಡಿ ಉಳಿದಿದ್ದರೆ ಊದಿ ಚೆಲ್ಲಬೇಡಿ. ಕಾಗದದಲ್ಲಿ ಮಡಚಿ, ಮೇಲೆ ದಂಡೆಯ ಹೆಸರೂ ದಿನಾಂಕವೂ ಬರೆದು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ಅದರಲ್ಲಿ ಗುಂಡುಪಿನ್ನುಗಳು ಇನ್ನೂ ಇರುತ್ತವೆ.